ಚೈನ್ ಕಳಚಿದರೆ ಸೀಮೆಸುಣ್ಣ ಹುಡುಕುವ ಅಕ್ಕ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಅರ್ಧ ಎತ್ತಿದ ಶಟರಿನ ಕೆಳಗೆ, ಸಿಮೆಂಟಿನ ನೆಲಕ್ಕೆ ಹಳೆಯ ಗೋಣಿಚೀಲ ಹಾಸಿಕೊಂಡು ಒಬ್ಬ ಹೆಂಗಸು ಬೋರಲು ಮಲಗಿದ್ದಾರೆ. ಒಂದು ಕಣ್ಣು ಮುಚ್ಚಿದೆ. ಇನ್ನೊಂದು ಕಣ್ಣು ಮಿನಿಬೈಕೊಂದರ ಚೈನಿನುದ್ದಕ್ಕೂ ಮೆಲ್ಲಗೆ ಓಡುತ್ತಿದೆ. ಸೊಂಟದೆತ್ತರಕ್ಕೂ ಬಾರದ ಪುಟ್ಟ ಬೈಕು ಅದು. ಮೈಗೆ ಹೊಸ ಕೆಂಪು ಬಣ್ಣ, ಬೆನ್ನಿಗೆ ಬಿಸಿ ಆರದ ಬ್ರೆಡ್ಡಿನ ಎರಡು ಕ್ರೇಟು.

ಬೈಕಿನ ಒಡೆಯ ಪಕ್ಕದಲ್ಲೇ ನಿಂತು ಕಾಲು ಬದಲಾಯಿಸುತ್ತಿದ್ದಾನೆ. ಏಳು ಗಂಟೆಯೊಳಗೆ ಆಸ್ಪತ್ರೆಯ ಅಡುಗೆಮನೆಗೆ ಬ್ರೆಡ್ಡು ಮುಟ್ಟಿಸುವುದು ಅವನ ಕೆಲಸ. ಆಸ್ಪತ್ರೆಯ ಹಿಂಬದಿಯ ಓಣಿ ಎಷ್ಟು ಇಕ್ಕಟ್ಟೆಂದರೆ ವ್ಯಾನು ಮೂತಿ ತೂರಿಸಲೂ ಆಗದು. ಅದಕ್ಕೇ ಈ ಬೈಕು. ಆದರೆ ಹದಿನೈದು ದಿನದಲ್ಲಿ ನಾಲ್ಕು ಸಲ ಏರಿನಲ್ಲಿ ಚೈನು ಕಳಚಿ, ನಾಲ್ಕು ಸಲ ತಡವಾಗಿದೆ. ಇವತ್ತೂ ತಡವಾದರೆ ನಾಳೆಯಿಂದ ಬೇರೆ ಬೇಕರಿಯವರು ಬರುತ್ತಾರೆಂದು ಅಡುಗೆಮನೆಯವರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದಾರೆ.

"ಅಕ್ಕ, ಹೊಸ ಚೈನೇ ಹಾಕಿಬಿಡಿ."

"ಹೋದ ತಿಂಗಳು ಹಾಕಿಸಿದ್ಯಲ್ಲ, ಅದೇನು ಹಳೇದಾಯ್ತಾ?"

"ಮತ್ತೆ ಯಾಕೆ ಕಳಚುತ್ತೆ?"

"ಅದನ್ನೇ ಕೇಳ್ತಿದ್ದೀನಿ. ನಿನ್ನನ್ನಲ್ಲ, ಅದನ್ನ."

ಈ ಮಾತಿಗೆ ಒಳಬಾಗಿಲಲ್ಲಿ ಕೂತಿರುವ ಅಕ್ಕನ ಎಂಬತ್ತರ ಅತ್ತೆ ಟೀ ಲೋಟದೊಳಗೇ ನಗುತ್ತಾರೆ. "ಗಂಡನ ಹತ್ರ ಇಷ್ಟು ಸಮಾಧಾನವಾಗಿ ಮಾತಾಡಿದ್ದನ್ನ ನಾನು ಕಂಡಿಲ್ಲಪ್ಪ. ಕಬ್ಬಿಣ ಅಂದ್ರೆ ಮಾತ್ರ ಎಲ್ಲಿಲ್ಲದ ತಾಳ್ಮೆ."

ಬೀದಿಗೆಲ್ಲ ಇವರು 'ಮೆಕ್ಯಾನಿಕ್ ಅಕ್ಕ'. ವಯಸ್ಸು ಐವತ್ತೊಂದು. ಮೊದಲು ಕೆಲಸ ಮಾಡಿದ್ದು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ. ಸಾಲಿನಲ್ಲಿ ಯಾರ ಮಿಷನ್ನು ಕೈಕೊಟ್ಟರೂ ಮೇಲಿನವರು ಬರುವಷ್ಟರಲ್ಲಿ ಇವರೇ ಬೆಲ್ಟು ಸರಿಮಾಡಿ ಕೂತಿರುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಗಂಡನ ಸೈಕಲ್ ಅಂಗಡಿಗೆ ಬಂದರು. ಗಂಡನಿಗೆ ಉಬ್ಬಸ ಹೆಚ್ಚಾಗಿ ಪೆಟ್ರೋಲಿನ ವಾಸನೆಯೇ ಆಗದಂತಾದ ಮೇಲೆ ಅಂಗಡಿ ಪೂರ್ತಿ ಇವರ ತಲೆಯ ಮೇಲೆ ಬಂತು. ಇಪ್ಪತ್ತೆರಡು ವರ್ಷವಾಯಿತು. ಗಂಡ ಈಗ ಒಲೆ ನೋಡಿಕೊಳ್ಳುತ್ತಾರೆ.

"ಮೊದಮೊದಲು ಬಂದವರೆಲ್ಲ ನನ್ನ ತಲೆ ಮೇಲಿಂದ ಒಳಗೆ ಇಣುಕಿ, ಮೆಕ್ಯಾನಿಕ್ ಇಲ್ವಾಮ್ಮ ಅನ್ನೋರು. ಇದ್ದಾರೆ, ಕೂತ್ಕೊಳ್ಳಿ ಅಂತಿದ್ದೆ. ಅವರು ಕಾಯ್ತಾ ಕೂತಿರುವಾಗಲೇ ಗಾಡಿ ರೆಡಿ ಮಾಡಿ ಕೊಡ್ತಿದ್ದೆ," ಎನ್ನುತ್ತಾರೆ ಅಕ್ಕ. ಎಡಗೈಯ ಉಂಗುರದ ಬೆರಳಿಗೆ ತುದಿಯಿಲ್ಲ. ಎರಡನೇ ವರ್ಷ ಚೈನಿಗೂ ಅದು ಸುತ್ತುವ ಸ್ಪ್ರಾಕೆಟ್ಟಿನ ಹಲ್ಲಿಗೂ ನಡುವೆ ಸಿಕ್ಕಿ ಹೋದದ್ದು. ಅಂದಿನಿಂದ ಎಂಜಿನ್ ಓಡುತ್ತಿರುವಾಗ ಅವರ ಕೈ ಬೆನ್ನ ಹಿಂದೆ ಇರುತ್ತದೆ. ನೋಡುವುದೆಲ್ಲ ಕಣ್ಣಲ್ಲೇ. ದಿನಕ್ಕೆ ನಾಲ್ಕು ಬೈಕು, ಐದನೆಯದನ್ನು ಮುಟ್ಟುವುದಿಲ್ಲ.

ಈ ಕೆಂಪು ಬೈಕು ಮಾತ್ರ ಅವರಿಗೆ ಮುಖಭಂಗ ಮಾಡಿದೆ. ಹೋದ ವಾರ ಇಲ್ಲಿಗೇ ಬಂದಿತ್ತು. ಎರಡು ಸ್ಪ್ರಾಕೆಟ್ಟಿಗೂ ದಾರ ಹಿಡಿದು ಸಾಲು ನೋಡಿದರು, ನೇರವಿತ್ತು. ಚೈನಿನ ಸಡಿಲ ಬೆರಳಿನಷ್ಟು, ಸರಿಯಿತ್ತು. ಎಂಜಿನ್ನಿನ ನಾಲ್ಕು ಬೋಲ್ಟು ಒಂಚೂರು ಸಡಿಲವಿದ್ದವು, ಬಿಗಿಮಾಡಿ ಕಳಿಸಿದರು. ಮೂರನೇ ದಿನ ಮತ್ತೆ ಅದೇ ಏರು, ಅದೇ ಕಥೆ.

ಅಕ್ಕ ಎದ್ದು ಕಿಸೆಯಿಂದ ಸೀಮೆಸುಣ್ಣದ ಚೂರು ತೆಗೆಯುತ್ತಾರೆ. ಎಂಜಿನ್ನಿನ ಬೋಲ್ಟು ಹಾಕುವ ಪಾದದಿಂದ ಅದು ಕೂತಿರುವ ತಗಡಿನವರೆಗೆ ಒಂದು ಗೆರೆ ಎಳೆಯುತ್ತಾರೆ. "ಗಾಡಿ ಹತ್ತು. ಹಿಂದಿನ ಬ್ರೇಕ್ ಗಟ್ಟಿ ಹಿಡಿ. ಈಗ ಸ್ವಲ್ಪ ಎಕ್ಸಲರೇಟರ್ ಕೊಡು. ಸಾಕು, ಬಿಡು."

ಗೆರೆ ಎರಡಾಗಿದೆ. ಪಾದದ ಮೇಲಿನ ತುಂಡು ಒಂದು ಕೂದಲಿನಷ್ಟು ಹಿಂದೆ ಸರಿದಿದೆ. ಖಾಲಿ ನಿಂತಾಗ ನೆಟ್ಟಗಿರುವ ಎಂಜಿನ್ನು ಭಾರ ಎಳೆಯುವಾಗ ಜಾರುತ್ತಿದೆ. ಚೈನು ಜೋಲುತ್ತಿದೆ, ಓರೆಯಾಗುತ್ತಿದೆ.

"ನಾನೇ ಬಿಗಿ ಮಾಡಿದ ಬೋಲ್ಟು ಇದು. ಅದು ಸಡಿಲ ಆಗಿದೆ ಅಂದ್ರೆ ಅಡಿಯಲ್ಲಿ ಏನೋ ಮೆತ್ತಗಿದೆ," ಎಂದು ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

ಗಡಿಯಾರ ಆರು ತೋರಿಸುತ್ತಿದೆ. ಬ್ರೆಡ್ಡಿನವನು ಕ್ರೇಟಿನ ಹಗ್ಗ ಹಿಡಿದುಕೊಂಡೇ ಹೇಳುತ್ತಾನೆ. "ಅಕ್ಕ, ಈಗ ಬಿಗಿ ಮಾಡಿ ಕೊಡಿ ಸಾಕು. ಹೋಗಿ ಬಂದ್ಮೇಲೆ ಬಿಚ್ಚೋಣ."

"ಹೋದ ವಾರ ಮಾಡಿದ್ದೂ ಅದನ್ನೇ. ನಂದೇ ತಪ್ಪು. ಅದೇ ತಪ್ಪನ್ನ ಎರಡು ಸಲ ಮಾಡಿಸ್ಬೇಡ. ಕ್ರೇಟ್ ಇಳಿಸು."

ಎಂಜಿನ್ ಎತ್ತಿದರೆ ಕೆಳಗೆ ದಪ್ಪ ಕೆಂಪು ಬಣ್ಣ. ಪಾದ ಕೂರುವ ಜಾಗಕ್ಕೂ, ಬೋಲ್ಟಿನ ತೂತಿನ ಸುತ್ತಲೂ ಮೂರು ಪದರ. ಒತ್ತಡಕ್ಕೆ ಬಣ್ಣ ಹಿಸುಕಿ ಅಂಚಿನಲ್ಲಿ ಉಬ್ಬಿದೆ. ಬಿಗಿ ಮಾಡಿದಷ್ಟೂ ಬಣ್ಣ ತೆಳ್ಳಗಾಗುತ್ತದೆ, ಬೋಲ್ಟು ಹಿಡಿತ ಬಿಡುತ್ತದೆ.

"ಯಾರು ಬಳಿದಿದ್ದು?"

"ನಾನೇ ಅಕ್ಕ. ಮೂರು ವಾರ ಆಯ್ತು. ತುಕ್ಕು ಹಿಡೀಬಾರ್ದು ಅಂತ ಎಂಜಿನ್ ಇಳಿಸಿ ಒಂದು ಮೂಲೆನೂ ಬಿಡದೆ..."

"ಇಷ್ಟು ಅಕ್ಕರೆಯಿಂದ ಯಾರೂ ಗಾಡಿ ಹಾಳು ಮಾಡಿರ್ಲಿಲ್ಲ ಬಿಡು," ಎನ್ನುತ್ತಾರೆ ಅತ್ತೆ.

ಅಕ್ಕ ನಗುವುದಿಲ್ಲ. ಒಂದು ಉಳಿ ತಾವು ಹಿಡಿದು, ಇನ್ನೊಂದನ್ನು ಅವನ ಕೈಗೇ ಕೊಡುತ್ತಾರೆ. ಇಬ್ಬರೂ ಎದುರುಬದುರು ಕೂತು ಕೆರೆಯುತ್ತಾರೆ. ನಾಲ್ಕು ಪಾದದ ಜಾಗದಲ್ಲೂ ಬರೀ ಕಬ್ಬಿಣ ಹೊಳೆಯುವವರೆಗೆ ಬಿಡುವುದಿಲ್ಲ. ಒರೆಸಿ, ಎಂಜಿನ್ ಕೂರಿಸಿ, ಮೂಲೆಯಿಂದ ಮೂಲೆಗೆ ಬೋಲ್ಟು ಬಿಗಿದು, ಮತ್ತೆ ಗೆರೆ ಎಳೆಯುತ್ತಾರೆ. ಬ್ರೇಕು, ಎಕ್ಸಲರೇಟರು. ಗೆರೆ ಒಂದೇ ಆಗಿ ನಿಂತಿದೆ. ಆರು ಮೂವತ್ತೆಂಟು.

ಅವನು ಹೊರಟ ಮೇಲೆ ಅಕ್ಕ ಬಾಗಿಲಿಗೆ ಬಂದು ನೋಡುವುದಿಲ್ಲ. ಎರಡನೆಯ ಬೈಕಿನ ಚಕ್ರ ಬಿಚ್ಚಲು ಕೂರುತ್ತಾರೆ. ಅತ್ತೆಗೇ ತಡೆಯದು. "ಇಷ್ಟೊತ್ತಿಗೆ ಏರು ಹತ್ತಿರ್ಬೇಕು ಅಲ್ವೇನೇ?"

"ಹತ್ತಿರ್ತಾನೆ ಅತ್ತೆ."

ಏಳಕ್ಕೆ ಇನ್ನೂ ನಾಲ್ಕು ನಿಮಿಷ ಇರುವಾಗ ಫೋನು ಬರುತ್ತದೆ. ಕ್ರೇಟು ಇಳಿಸಿಯಾಯಿತಂತೆ. ನಾಳೆಯೂ ಇದೇ ಹೊತ್ತಿಗೆ ತರಲು ಅಡುಗೆಮನೆಯವರು ಹೇಳಿದರಂತೆ. "ಸರಿ, ನಾಳಿದ್ದು ಬಾ. ಬೋಲ್ಟು ಒಂದ್ಸಲ ನೋಡ್ತೀನಿ," ಎಂದಷ್ಟೇ ಹೇಳಿ ಅಕ್ಕ ಫೋನಿಡುತ್ತಾರೆ.

ಇಷ್ಟು ವರ್ಷದ ದುಡಿಮೆಯಲ್ಲಿ ಇನ್ನೇನು ಬೇಕೆನಿಸುತ್ತದೆ ಎಂದು ಕೇಳಿದರೆ, ಅವರು ಕೈಗೆ ಮೆತ್ತಿದ ಗ್ರೀಸನ್ನು ಬಟ್ಟೆಗೆ ಒರೆಸುತ್ತಾ ಹೇಳುತ್ತಾರೆ:

"ಬಿಗಿ ಮಾಡೋದು ಯಾರಿಗೆ ಬೇಕಾದ್ರೂ ಬರುತ್ತೆ. ಯಾಕೆ ಸಡಿಲ ಆಯ್ತು ಅಂತ ಹುಡುಕೋಕೆ ಅರ್ಧ ಗಂಟೆ ಬಿಡಿ. ಅಷ್ಟು ಕೊಟ್ರೆ ಸಾಕು ನನಗೆ."