ಕಾಪುವಿನಮ್ಮನ ಸೋಮವಾರ

ಎಪ್ಪತ್ತರ ದಶಕದಲ್ಲಿ, ಬೊಂಬಾಯಿಯಲ್ಲಿ ಗಂಡನನ್ನು ಕಳೆದುಕೊಂಡು ಪರ್ಕಳದ ತವರಿಗೆ ಮರಳಿದಾಗ ನನಗೆ ಇಪ್ಪತ್ತಾರು. ಸಂತೈಸಲು ಬಂದವರೆಲ್ಲ ಹಣೆಬರಹ ಎನ್ನುತ್ತಿದ್ದರು. ಹಾಗೆಂದವರಿಗೆ ನಾನು ಎರಡನೇ ಸಲ ಚಹಾ ಕೊಡುತ್ತಿರಲಿಲ್ಲ. ದೇವರಿಗೆ ದೀಪ ಹಚ್ಚುವುದನ್ನೂ ಬಿಟ್ಟಿದ್ದೆ. ಬೆಳಿಗ್ಗೆ ಏಳುವುದಾದರೂ ಯಾಕೆ ಎಂದು ತಿಳಿಯದೆ ಮೂರು ವರ್ಷ ಕಳೆದೆ.

ಆಗ ನನ್ನ ತಾಯಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಮಣಿಪಾಲದಲ್ಲಿ, ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವಳ ಜೊತೆ ನಾನೂ ಉಳಿದೆ. ಎಳೆಯ ಡಾಕ್ಟರುಗಳು ಉತ್ತರದ ಕಡೆಯವರು, ರೋಗಿಗಳು ತುಳು ಬಿಟ್ಟರೆ ಬೇರೆ ಅರಿಯದವರು. ಬೊಂಬಾಯಿಯಿಂದ ನಾನು ತಂದದ್ದೆಂದರೆ ಒಂದು ಟ್ರಂಕು ಮತ್ತು ಹರಕುಮುರುಕು ಹಿಂದಿ. ಒಂದು ದಿನ ತಡೆಯಲಾರದೆ ನಡುವೆ ಬಾಯಿ ಹಾಕಿ ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸಿದೆ. ಮರುದಿನದಿಂದ ಎಲ್ಲ ಮಂಚಗಳಿಂದಲೂ ನನಗೆ ಕರೆ.

ಪಕ್ಕದ ಮಂಚದಲ್ಲಿ ಕಾಪುವಿನ ವಯಸ್ಸಾದ ಹೆಂಗಸೊಬ್ಬರಿದ್ದರು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಮಾಯದ ಹುಣ್ಣು. ದಿನಾ ಬೆಳಿಗ್ಗೆ ಇನ್ಸುಲಿನ್ ಇಂಜೆಕ್ಷನ್ ಕೊಡುತ್ತಿದ್ದರು; ಅದಾದ ಮೇಲೆ ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ತೀರಾ ಇಳಿದುಬಿಡುತ್ತದೆ. ಎರಡು ಸಲ ಅವರು ಮಧ್ಯಾಹ್ನದ ಹೊತ್ತಿಗೆ ಬೆವತು ಪ್ರಜ್ಞೆ ತಪ್ಪಿದರು. ಗಂಜಿ ಕುಡಿದಿದ್ದೀರಾ ಎಂದು ಡಾಕ್ಟರು ಕೇಳಿದ್ದನ್ನು ನಾನು ತುಳುವಿನಲ್ಲಿ ಕೇಳಿದರೆ "ಕುಡಿದಿದ್ದೇನೆ" ಎಂದೇ ಉತ್ತರ. ಇನ್ನೊಮ್ಮೆ ಹೀಗಾದರೆ ಜೀವ ಉಳಿಯುವುದು ಕಷ್ಟ ಎಂದರು ಡಾಕ್ಟರು.

ಗುಟ್ಟು ಬಯಲು ಮಾಡಿದ್ದು ಒಂದು ಬೆಕ್ಕು. ನೋಡುತ್ತೇನೆ, ಕಾಪುವಿನಮ್ಮ ತಮ್ಮ ಗಂಜಿಯನ್ನು ಕಿಟಕಿಯಾಚೆ ಅದಕ್ಕೆ ಸುರಿಯುತ್ತಿದ್ದಾರೆ! ಅಂದು ಸೋಮವಾರ. ಹಿಂದಿನ ಎರಡು ಸಲವೂ ಸೋಮವಾರವೇ.

"ಎಂತ ಅಮ್ಮ ಇದು? ಉಪವಾಸವಾ?"

ಅವರು ನನ್ನ ಕೈ ಹಿಡಿದುಕೊಂಡರು. "ಡಾಕ್ಟರಿಗೆ ಹೇಳಬೇಡ ಮಗಾ. ನನ್ನ ಮಗ ದುಬಾಯಿಗೆ ಹೋಗಿ ಎಂಟು ತಿಂಗಳಾಯಿತು. ಒಂದು ಕಾಗದ ಇಲ್ಲ. ಅವನ ಸುದ್ದಿ ಬರುವವರೆಗೆ ಅಂತ ಹರಕೆ ಉಂಟು. ನಡುವೆ ಬಿಟ್ಟು ಅವನಿಗೆ ಎಂತಾದರೂ ಆದರೆ?"

ನನಗೆ ಸಿಟ್ಟು ನೆತ್ತಿಗೇರಿತು. ಗಂಡನ ಆಯುಸ್ಸಿಗಾಗಿ ಬೊಂಬಾಯಿಯ ಚಾಳಿನಲ್ಲಿ ನಾನೂ ಒಂದು ಸೋಮವಾರ ತಪ್ಪಿಸಿದವಳಲ್ಲ. ನನಗೆ ಸಿಕ್ಕಿದ ಫಲ ನೋಡಿ ಎಂದು ಅವರ ಮುಖಕ್ಕೇ ಹೇಳುವವಳಿದ್ದೆ. ಆದರೆ ಆ ಮುಖದಲ್ಲಿದ್ದ ಹೆದರಿಕೆ ನನಗೆ ಚೆನ್ನಾಗಿ ಗೊತ್ತಿದ್ದ ಹೆದರಿಕೆ. ನನ್ನ ಮಾತನ್ನು ಅವರು ನಂಬಿಬಿಟ್ಟರೆ ಆಮೇಲೆ ಹಿಡಿದುಕೊಳ್ಳಲು ಅವರಿಗೆ ಏನು ಉಳಿಯುತ್ತದೆ? ಇಂಜೆಕ್ಷನ್ ಕೊಟ್ಟು ಬಹಳ ಹೊತ್ತಾಗಿತ್ತು. ಅವರ ಬೆರಳುಗಳು ಆಗಲೇ ನಡುಗುತ್ತಿದ್ದವು.

"ಹರಕೆ ಬಿಡುವುದು ಬೇಡ," ಎಂದೆ. "ನಿಮ್ಮ ಸೋಮವಾರ ಇನ್ನು ನನಗಿರಲಿ. ಉಪವಾಸ ನಾನು ಮಾಡ್ತೇನೆ, ನೀವು ಗಂಜಿ ಕುಡೀರಿ."

"ಹಾಗೆ ಆಗ್ತದಾ?"

"ತಾಯಿಯ ಹರಕೆ ಮಕ್ಕಳು ತೀರಿಸುವುದು ಉಂಟಲ್ವಾ? ನನ್ನನ್ನು ಮಗಾ ಅಂತ ಕರೆದದ್ದು ನೀವೇ."

ನನಗೆಂದು ತಂದಿಟ್ಟಿದ್ದ ಗಂಜಿಯನ್ನು ಅವರ ಮುಂದಿಟ್ಟೆ. ಅವರು ಕಣ್ಣು ಮುಚ್ಚಿ ಕೈ ಮುಗಿದರು, ನನ್ನತ್ತ ಒಮ್ಮೆ ನೋಡಿದರು, ಆಮೇಲೆ ಅಳುತ್ತಲೇ ಕುಡಿದರು. ಸಂಜೆಯವರೆಗೆ ನಾನು ಬರಿಹೊಟ್ಟೆಯಲ್ಲಿ ಮಂಚದಿಂದ ಮಂಚಕ್ಕೆ ಓಡಾಡಿದೆ. ನಡುವೆ ಒಂದು ಸಲ, ಯಾರೂ ಹೇಳದೆ, ಆ ಹುಡುಗನ ಕಾಗದ ಬರಲಿ ಎಂದು ದೇವರಲ್ಲಿ ಕೇಳಿಕೊಂಡೆ. ಮುನಿಸು ಹೋಗಿತ್ತೆಂದಲ್ಲ. ಮಾತು ಶುರುವಾಗಿತ್ತು, ಅಷ್ಟೇ.

ಕಾಗದ ಬಂದದ್ದು ಏಳು ಸೋಮವಾರ ಕಳೆದ ಮೇಲೆ. ಅಷ್ಟರಲ್ಲಿ ನನ್ನ ತಾಯಿ ಮನೆಗೆ ಮರಳಿದ್ದಳು, ನಾನು ಅದೇ ವಾರ್ಡಿನಲ್ಲಿ ಆಯಾ ಆಗಿದ್ದೆ. ಇನ್ನು ಉಪವಾಸ ಸಾಕು ಮಗಾ ಎಂದು, ತಾವೂ ಊರಿಗೆ ಮರಳಿದ್ದ ಕಾಪುವಿನಮ್ಮ ಹೇಳಿ ಕಳಿಸಿದರು. ಆದರೆ ಆ ಹೊತ್ತಿಗೆ ಇನ್ನೂ ಇಬ್ಬರು ತಾಯಂದಿರು ತಮ್ಮ ಸೋಮವಾರಗಳನ್ನು ನನಗೆ ಒಪ್ಪಿಸಿ ಗಂಜಿ ಕುಡಿಯುತ್ತಿದ್ದರು.