ಗುಲಾಬಿಯ ಬಾಟಲಿ ಮತ್ತು ಒಂದು ಕಣಜದ ಚೀಟಿ

ಮೊನ್ನೆ ಭಾನುವಾರದವರೆಗೆ ನನ್ನ ಮೇಜಿನ ಮೇಲೆ ಒಂದು ಖಾಲಿ ಗಾಜಿನ ಬಾಟಲಿ ಕೂತಿತ್ತು. ಒಂದು ಕಾಲದಲ್ಲಿ ಮಿಡಿ ಉಪ್ಪಿನಕಾಯಿ ತುಂಬಿದ್ದ ಬಾಟಲಿ; ಎಷ್ಟು ತೊಳೆದರೂ ಮೂಗಿನ ಹತ್ತಿರ ಒಯ್ದರೆ ಮಾವಿನ ಸೊನೆಯ ವಾಸನೆ ಬರುತ್ತದೆ. ಬಾಯಿಗೆ ಹಳೆಯ ಸೀರೆಯ ತುಂಡು, ಅದರ ಸುತ್ತ ಬಾಳೆನಾರಿನ ಬಿಗಿಯಾದ ಕಟ್ಟು. ಅದು ನನ್ನದಲ್ಲ, ಸಿರಿಮನೆಯ ಗುಲಾಬಿಯದು; ಅವಳು ಹುಳ ಹಾಕಿ ಕೊಟ್ಟದ್ದು, ಖಾಲಿಯಾಗಿ ನನ್ನಲ್ಲೇ ಉಳಿದಿತ್ತು. ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಒಂದು ಚೂರು ಬೆಲ್ಲವೋ, ಒಂದು ಹಿಡಿ ಅಕ್ಕಿಯೋ, ಏನೂ ಇಲ್ಲದಿದ್ದರೆ ಹಿತ್ತಲಿನ ನಾಲ್ಕು ಸೂಜಿಮೆಣಸಾದರೂ ಹಾಕಿಯೇ ಕೊಡಬೇಕು. ಈ ಬಾಟಲಿಗೆ ಏನು ಹಾಕಿ ಕೊಡುವುದೆಂದು ತಿಳಿಯದೆ ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಯಾಕೆ ಎಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನನ್ನ ಮನೆ ಕೊಪ್ಪದಲ್ಲಿ. ದಿನಾ ಬಸ್ಸು ಹತ್ತಿ ನರಸಿಂಹರಾಜಪುರಕ್ಕೆ ಹೋಗಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ಬರುತ್ತೇನೆ. ಪಾಠ ನನ್ನ ಹೊಟ್ಟೆಪಾಡು, ಕಣಜ ನನ್ನ ಹುಚ್ಚು. ಸೂರಿನಡಿ ಗೂಡು ಕಟ್ಟಿ ಕಚ್ಚುವ ಕಣಜವಲ್ಲ. ಎಳ್ಳಿಗಿಂತ ಸಣ್ಣದು, ಕಚ್ಚಲಿಕ್ಕೆ ಬಾರದ್ದು, ಬೇರೆ ಹುಳದ ಮೈಯೊಳಗೆ ಮೊಟ್ಟೆಯಿಟ್ಟು ಆ ಹುಳವನ್ನೇ ತಿನಿಸಿ ತನ್ನ ಮಕ್ಕಳನ್ನು ದೊಡ್ಡ ಮಾಡುವ ಪರಾವಲಂಬಿ ಕಣಜ. ಹೀಗೆ ತಿನ್ನಿಸಿಕೊಳ್ಳುವ ಹುಳಕ್ಕೆ ನಮ್ಮ ಶಾಸ್ತ್ರದಲ್ಲಿ ಆತಿಥೇಯ ಎನ್ನುತ್ತಾರೆ. ಆ ಪದವನ್ನು ಮೊದಲು ಬಳಸಿದ ಪುಣ್ಯಾತ್ಮ ಬಡವರ ಮನೆಯಲ್ಲಿ ಪುಕ್ಕಟೆ ಉಂಡು ಎದ್ದವನೇ ಇರಬೇಕು.

ಐದು ವರ್ಷದ ಹಿಂದೆ ಸಿರಿಮನೆಯ ನನ್ನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಪತ್ರೊಡೆಗೆಂದು ಕೆಸುವಿನ ಎಲೆ ಕೊಯ್ದು ತಂದಿದ್ದರು. ಒಂದು ಎಲೆಯ ಅಡಿಯಲ್ಲಿ ಬಾಲಕ್ಕೆ ಕೊಂಬಿರುವ ದಪ್ಪ ಹುಳ ಅಂಟಿಕೊಂಡಿತ್ತು. ಅದರ ಬೆನ್ನ ತುಂಬ ಅಕ್ಕಿನುಚ್ಚಿನಂಥ ಬಿಳಿಯ ಕಾಳು. ಚಿಕ್ಕಮ್ಮ ನೋಡಿದವಳೇ, ಹುಳ ಮೊಟ್ಟೆ ಹೊತ್ತುಕೊಂಡಿದೆ, ಒಲೆಗೆ ಹಾಕು ಎಂದಳು. ಅವಳನ್ನು ಯಾಕೆ ಬೈಯಲಿ, ನಮ್ಮ ಸೀಮೆಯಲ್ಲಿ ಎಲ್ಲರೂ ಮಾಡುವುದು ಅದನ್ನೇ. ಕೆಸುವಿನ ಹುಳವನ್ನು ಕೊಲ್ಲುವ ಕಣಜದ ಗೂಡುಗಳನ್ನು ಹುಳದ ಮೊಟ್ಟೆಯೆಂದು ತಿಳಿದು, ಉಪಕಾರಕ್ಕೆ ಬಂದವರನ್ನು ಗೂಡು ಸಮೇತ ಸುಟ್ಟುಬಿಡುತ್ತೇವೆ. ಆದರೆ ಎಲೆ ಒರೆಸುತ್ತಿದ್ದ ಗುಲಾಬಿ ಒಲೆಗೆ ಹಾಕಲಿಲ್ಲ. ಚಿಕ್ಕಮ್ಮನ ಮನೆಗೆ ಕೆಲಸಕ್ಕೆ ಬರುವವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು.

“ಅದು ಮೊಟ್ಟೆ ಅಲ್ಲ ಟೀಚರಮ್ಮ. ಹುಳದ ಮೈಯೊಳಗಿಂದ ಹೊರಗೆ ಬಂದದ್ದು. ನಾನು ಕಣ್ಣಾರೆ ನೋಡಿದೀನಿ” ಎಂದಳು.

ನಾನು ಎಂ.ಎಸ್ಸಿ.ಯಲ್ಲಿ ಓದಿ ತಿಳಿದದ್ದನ್ನು ಅವಳು ಹಿತ್ತಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದ್ದಳು. ಹುಳವನ್ನು ಮನೆಗೆ ಒಯ್ದು ಈ ಬಾಟಲಿಯಲ್ಲಿಟ್ಟು, ದಿನಕ್ಕೊಂದರಂತೆ ಗೋಡೆಯ ಮೇಲೆ ಸುಣ್ಣದ ಗೆರೆ ಎಳೆದಳು. ಆರನೆಯ ಗೆರೆಯ ಬೆಳಿಗ್ಗೆ ಸೀರೆತುಂಡಿನ ಅಡಿಯಲ್ಲಿ ಕಪ್ಪು ಕಣಜಗಳು ಓಡಾಡುತ್ತಿದ್ದವು. ಆಮೇಲೆ ಎರಡು ಮಳೆಗಾಲ ನಾನು ಬಿಡುವಾದಾಗ ಮಾತ್ರ ಹೋದೆ, ಅವಳು ದಿನಾ ಸಾಕಿದಳು. ಯಾವ ಹುಳದೊಳಗೆ ಕಣಜ ಇದೆ, ಯಾವುದರೊಳಗೆ ಇಲ್ಲ ಎಂದು ಹೊರಗಿನಿಂದಲೇ ಹೇಳುವಷ್ಟು ಅವಳ ಕಣ್ಣು ಪಳಗಿತು. ಒಳಗೆ ಇದ್ದರೆ ಹುಳದ ಹಸಿರು ಹಾಲು ಬೆರೆಸಿದ ಹಾಗೆ ಮಂಕಾಗುತ್ತದಂತೆ. ನಾನು ಸೂಕ್ಷ್ಮದರ್ಶಕ ಇಟ್ಟುಕೊಂಡೂ ಕಾಣದ್ದು ಅದು.

ಒಂದು ಹೊಸ ಜೀವಿಯನ್ನು ವರ್ಣಿಸುವುದೆಂದರೆ ಕವಿಗಳು ನಾಯಕಿಯನ್ನು ವರ್ಣಿಸಿದ ಹಾಗಲ್ಲ. ಮೀಸೆಯ ಗೆಣ್ಣು ಎಣಿಸಬೇಕು, ರೆಕ್ಕೆಯ ನರ ಅಳೆಯಬೇಕು, ಬೆನ್ನಿನ ಗುಳಿಗಳು ಒತ್ತೊತ್ತಾಗಿವೆಯೋ ಬಿಡಿಬಿಡಿಯೋ ನೋಡಬೇಕು, ಈಗಾಗಲೇ ಹೆಸರು ಪಡೆದ ನೆಂಟರಿಷ್ಟರೆಲ್ಲರ ಜೊತೆ ಹೋಲಿಸಿ ಇದು ಅವರ್ಯಾರೂ ಅಲ್ಲ ಎಂದು ಸಾಧಿಸಬೇಕು. ತ್ರಿಕೋನದ ರಟ್ಟಿನ ತುದಿಗೆ ಅಂಟಿಸಿದ ಕಣಜ, ಆ ರಟ್ಟನ್ನು ಚುಚ್ಚಿದ ಸೂಜಿ, ಸೂಜಿಯ ಕೆಳಗೆ ಉಗುರಿನಷ್ಟು ಚೀಟಿ: ಊರು, ತಾರೀಖು, ಯಾವ ಹುಳದಿಂದ ಬಂತು, ಸಂಗ್ರಹಿಸಿದವರು ಯಾರು. ಚೀಟಿಯಿಲ್ಲದ ಕಣಜ ಬರೀ ಕಸ. ಎರಡು ವರ್ಷ ಕಣ್ಣು ಸವೆಸಿ ಬರೆದೆ, ಮತ್ತು ಕಣಜಕ್ಕೆ ಗುಲಾಬಿಯ ಹೆಸರಿಡುತ್ತೇನೆಂದು ಅವಳ ಜಗಲಿಯ ಮೇಲೆ ಚಾ ಕುಡಿಯುತ್ತ ಹೇಳಿಯೂ ಬಿಟ್ಟೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕಿದ್ದಳು.

ಸಣ್ಣ ಊರಿನ ಕಾಲೇಜಿನವರು ಬರೆದದ್ದನ್ನು ಯಾರೂ ಅಚ್ಚು ಹಾಕುವುದಿಲ್ಲ ಎಂಬ ಹೆದರಿಕೆಯಿಂದ ದೊಡ್ಡ ಊರಿನ ದೊಡ್ಡ ಸಂಸ್ಥೆಯ ಒಬ್ಬ ದೊಡ್ಡವರನ್ನು ಜೊತೆಗೆ ಸೇರಿಸಿಕೊಂಡೆ. ಅವರು ಒಂದೇ ದಿನ ಸಿರಿಮನೆಗೆ ಬಂದರು. ಊರಿನ ಜಲಪಾತದ ಎದುರು ನಿಂತು ಫೋಟೋ ತೆಗೆಸಿಕೊಂಡರು, ಗುಲಾಬಿ ಮಾಡಿದ ಪತ್ರೊಡೆಯನ್ನು ಎರಡೆರಡು ಸಲ ಹಾಕಿಸಿಕೊಂಡರು, ಹೋದರು. ಹಸ್ತಪ್ರತಿಯನ್ನು ತಿದ್ದುವಾಗ ಫೋನು ಮಾಡಿ, ಕಣಜಕ್ಕೆ ತಮ್ಮ ಗುರುಗಳ ಹೆಸರಿಟ್ಟರೆ ತೂಕ ಬರುತ್ತದೆ ಎಂದರು. ನಾನು ಗುಲಾಬಿಯ ಹೆಸರು ಎತ್ತಿದೆ.

“ಆ ಹೆಂಗಸಿಗೆ ಇದೆಲ್ಲ ಎಲ್ಲಿ ಗೊತ್ತಾಗತ್ತೆ ಮೇಡಂ?” ಎಂದರು.

ನಾನು ಏನು ಹೇಳಿದೆ ಗೊತ್ತೇ? ಆಯ್ತು ಸರ್ ಎಂದೆ. ತರಗತಿಯಲ್ಲಿ ನೂರು ಹುಡುಗರನ್ನು ಗದರಿಸುವ ಈ ಗಂಟಲಿನಿಂದ ಬೆಕ್ಕಿನ ಮರಿಯ ಹಾಗೆ ಆಯ್ತು ಸರ್ ಎಂದೆ. ಅಚ್ಚಾಗಿ ಬಂದ ಮೇಲೆ ನೋಡಿದರೆ ಗುರುಗಳು ಕಣಜವಾಗಿ ಹಾರಾಡುತ್ತಿದ್ದಾರೆ. ಸಾಲದ್ದಕ್ಕೆ, ಸಂಗ್ರಹಿಸಿದವರು ಎಂಬಲ್ಲಿ ನನ್ನ ಹೆಸರೂ ಮಾಯವಾಗಿ ದೊಡ್ಡವರ ಹೆಸರು ಬಂದು ಕೂತಿದೆ! ಒಂದು ದಿನ ಪತ್ರೊಡೆ ತಿಂದು ಹೋದವರು ಎರಡು ಮಳೆಗಾಲದ ಹುಳಗಳನ್ನೆಲ್ಲ ಹೇಗೆ ಸಂಗ್ರಹಿಸಿದರೋ ಆ ಶಾರದಾಂಬೆಗೇ ಗೊತ್ತು. ನಮ್ಮ ಶಾಸ್ತ್ರದ ನಿಯಮ ಬೇರೆ, ಒಮ್ಮೆ ಅಚ್ಚಾದ ಹೆಸರು ಅಚ್ಚಾದದ್ದೇ; ಬೇಸರವಾಯಿತೆಂದು ಯಾರೂ ಬದಲಾಯಿಸುವ ಹಾಗಿಲ್ಲ. ಕಣಜವಾದರೂ ತನ್ನ ಸಂತಾನಕ್ಕಾಗಿ ಹುಳದ ಮೈ ಹೊಗುತ್ತದೆ, ಅದಕ್ಕೆ ಬೇರೆ ಬದುಕು ಗೊತ್ತಿಲ್ಲ. ಸಂಬಳ, ಮನೆ, ಕಾರು, ಪದವಿ ಎಲ್ಲ ಇದ್ದೂ ಇನ್ನೊಬ್ಬರ ಬೆನ್ನೊಳಗೆ ಮೊಟ್ಟೆಯಿಡುವವರಿಗೆ ಏನು ಕಾರಣವಿದೆ? ಇದನ್ನೇ ಸ್ವಲ್ಪ ಸಭ್ಯವಾಗಿ ಬರೆದು, ಲೇಖನ ಅಚ್ಚು ಹಾಕಿದ ಪತ್ರಿಕೆಯ ಸಂಪಾದಕರಿಗೆ ಕಳಿಸುವುದೆಂದು ನಿಶ್ಚಯಿಸಿದೆ. ಪುರಾವೆ ಬೇಕಿತ್ತು. ನನ್ನ ಬಳಿ ಉಳಿದ ಕಣಜಗಳ ಪೆಟ್ಟಿಗೆ ತೆಗೆದು, ಚೀಟಿಗಳನ್ನು ಭೂತಗನ್ನಡಿಯ ಕೆಳಗೆ ಹಿಡಿದೆ.

ಪುರಾವೆ ಸಿಕ್ಕಿತು. ನನ್ನದೇ ಅಕ್ಷರ, ಕಪ್ಪು ಶಾಯಿ, ಸಂಗ್ರಹಿಸಿದವರು ಎಂಬಲ್ಲಿ ಇನಿಷಿಯಲ್ ಸಮೇತ ನನ್ನ ಹೆಸರು. ಮೊದಲನೆಯ ಚೀಟಿಯಲ್ಲಿ, ಎರಡನೆಯದರಲ್ಲಿ, ಹತ್ತನೆಯದರಲ್ಲಿ, ಪೆಟ್ಟಿಗೆಯ ಕೊನೆಯ ಸಾಲಿನವರೆಗೆ ಎಲ್ಲದರಲ್ಲೂ. ಗುಲಾಬಿ ಎಲ್ಲಿಯೂ ಇಲ್ಲ.

ದೇವರಾಣೆ, ಬೇಕೆಂದು ಮಾಡಿದ್ದಲ್ಲ. ಕೈ ರೂಢಿಯಿಂದ ಬರೆದದ್ದು. ಅದೇ ಹೆಚ್ಚು ನಾಚಿಕೆಯ ಸಂಗತಿ. ಕೆಲಸದವರು ತಂದುಕೊಟ್ಟದ್ದು ನಾವು ತಂದದ್ದೇ ಎಂದು ತಿಳಿಯುವ ಮನೆಯಲ್ಲಿ ಬೆಳೆದ ಕೈ ಅದು, ತನಗಿಂತ ದೊಡ್ಡವಳನ್ನು ಇಷ್ಟು ವರ್ಷ ನೀನು ಎಂದು ಕರೆದ ನಾಲಿಗೆಯ ಜೊತೆಗೇ ಬೆಳೆದದ್ದು. ಕಣಜಕ್ಕೆ ಅವಳ ಹೆಸರಿಡಲು ಹೊರಟಾಗ ನಾನೆಷ್ಟು ಉದಾರಿ ಎಂದು ಒಳಗೊಳಗೇ ಹಿಗ್ಗಿದ್ದೆ. ಅದು ನಾನು ಕೊಡುವ ಉಡುಗೊರೆಯಾಗಿತ್ತು; ಚೀಟಿ ಮಾತ್ರ ಅವಳ ಹಕ್ಕು. ಉಡುಗೊರೆಯ ಸಂಭ್ರಮದಲ್ಲಿ ಹಕ್ಕನ್ನು ನಾನೇ ನುಂಗಿದ್ದೆ. ದೊಡ್ಡವರು ನನಗೆ ಮಾಡಿದ್ದು, ನಾನು ಅವಳಿಗೆ ಮಾಡಿದ ಮೇಲೆ. ಸಂಪಾದಕರಿಗೆ ಬರೆದ ಪತ್ರವನ್ನು ಹರಿದು ಹಾಕಿದೆ.

ಭಾನುವಾರ ಬಾಟಲಿಗೆ ಬೆಲ್ಲ ತುಂಬಿಕೊಂಡು ಸಿರಿಮನೆಗೆ ಹೋದೆ. ಗುಲಾಬಿ ಜಗಲಿಯಲ್ಲಿ ಕೂತು ಕೆಸುವಿನ ದಂಟು ಹೆಚ್ಚುತ್ತಿದ್ದಳು. ಗೋಡೆಯ ಮೇಲೆ ಹಳೆಯ ಸುಣ್ಣದ ಗೆರೆಗಳ ಪಕ್ಕ ಈ ವರ್ಷದ ಹೊಸ ಗೆರೆಗಳು ಶುರುವಾಗಿದ್ದವು. ಒಂದನ್ನೂ ಬಿಡದೆ ಹೇಳಿದೆ: ಗುರುಗಳ ಹೆಸರು, ದೊಡ್ಡವರ ಹೆಸರು, ಕೊನೆಗೆ ನನ್ನ ಚೀಟಿ. ತಪ್ಪಾಯಿತು ಎಂದೆ. ಇರಲಿ ಬಿಡಿ ಎನ್ನುತ್ತಾಳೆಂದು ಕಾದೆ, ಯಾಕೆಂದರೆ ಅಂಥವರು ಯಾವಾಗಲೂ ಇರಲಿ ಬಿಡಿ ಎನ್ನುತ್ತಾರೆ. ಅವಳು ಅನ್ನಲಿಲ್ಲ. ದಂಟು ಪೂರ್ತಿ ಹೆಚ್ಚಿ ಮುಗಿಸಿ ಕತ್ತಿ ಕೆಳಗಿಟ್ಟಳು.

“ಅವ್ರು ಯಾರೋ ದೂರದವ್ರು, ಅವ್ರ ಮುಖಾನೂ ನಂಗೆ ನೆನಪಿಲ್ಲ. ನೀವು ಇದೇ ಜಗಲಿ ಮೇಲೆ ಕೂತು ಚಾ ಕುಡ್ದವ್ರು.”

ಅಷ್ಟೇ. ದನಿ ಏರಿರಲಿಲ್ಲ. ಎದ್ದು ಬೆಲ್ಲವನ್ನು ಡಬ್ಬಿಗೆ ಸುರಿದುಕೊಂಡಳು, ಬಾಟಲಿಯನ್ನು ತೊಳೆದು ಒರೆಸಿದಳು, ಹಿತ್ತಲಿಗೆ ಹೋಗಿ ಬಂದಳು. ಒಳಗೆ ಒಂದು ಕೆಸುವಿನ ಎಲೆ, ಎಲೆಯ ಮೇಲೆ ಮಂಕು ಹಸಿರಿನ ಹುಳ, ಬೆನ್ನ ತುಂಬ ಬಿಳಿಯ ಕಾಳು. ಅವಳೂ ಖಾಲಿ ಕೊಡುವವಳಲ್ಲ. ಆದರೆ ನಾನು ಕೈ ಚಾಚಿದರೆ ಬಾಟಲಿಯನ್ನು ಹಿಂದಕ್ಕೆ ಹಿಡಿದಳು.

“ಚೀಟಿ ಇಲ್ಲೇ ಬರೀರಿ. ನಾನು ಓದ್ಬೇಕು.”

ಅವಳು ಮಹಿಳಾ ಸಂಘದಲ್ಲಿ ಅಕ್ಷರ ಕಲಿತದ್ದು ನನಗೆ ಗೊತ್ತೇ ಇರಲಿಲ್ಲ, ಕೇಳಿದ್ದರೆ ತಾನೆ. ಕೈಚೀಲದಿಂದ ಚೀಟಿ ತೆಗೆದು, ಸಂಗ್ರಹಿಸಿದವರು ಗುಲಾಬಿ ಎಂದು ಕನ್ನಡದಲ್ಲೇ ಬರೆದೆ. ಅವಳು ಕೆಸುವಿನ ಕರೆ ಹತ್ತಿದ ಬೆರಳನ್ನು ಒಂದೊಂದೇ ಅಕ್ಷರದ ಕೆಳಗೆ ಇಟ್ಟು ಓದಿದಳು. ಊರು ಬರೆದಿಲ್ಲವಲ್ಲ ಎಂದಳು. ಸಿರಿಮನೆ ಎಂದು ಸೇರಿಸಿದೆ. ಅದನ್ನೂ ಓದಿ, ಆಮೇಲೆ ಬಾಟಲಿ ಕೊಟ್ಟಳು.

ಸೂಜಿಯಲ್ಲಿ ಒಮ್ಮೆ ಚುಚ್ಚಿದ ಚೀಟಿಯನ್ನು ತೆಗೆಯಬಾರದು, ಅದರ ಕೆಳಗೆ ಇನ್ನೊಂದನ್ನು ಸೇರಿಸಬಹುದು ಎಂಬುದು ನಮ್ಮ ಕೆಲಸದ ನಿಯಮ. ಕೊಪ್ಪಕ್ಕೆ ಬಂದು ಪೆಟ್ಟಿಗೆಯ ಪ್ರತಿ ಸೂಜಿಗೂ ಗುಲಾಬಿಯ ಚೀಟಿ ಸೇರಿಸಿದೆ. ನನ್ನ ಹೆಸರು ಮೇಲೆ ಹಾಗೆಯೇ ಇದೆ. ನಾಳೆ ಯಾರು ಎತ್ತಿ ನೋಡಿದರೂ ನಾನು ಮಾಡಿದ್ದು ಅವರಿಗೆ ಕಾಣಲಿ. ಅವುಗಳ ಫೋಟೋ ತೆಗೆದು ದೊಡ್ಡವರಿಗೂ ಸಂಪಾದಕರಿಗೂ ಕಳಿಸಿದ್ದೇನೆ. ಇಬ್ಬರೂ ಇನ್ನೂ ಉತ್ತರ ಬರೆದಿಲ್ಲ, ನನ್ನ ಸಿಟ್ಟೂ ಇಳಿದಿಲ್ಲ.

ಈ ಬೆಳಿಗ್ಗೆ ಕಣಜಗಳು ಹೊರಬಂದು ಗಾಜನ್ನು ಹತ್ತುತ್ತಿವೆ. ಹುಳದ ಬಣ್ಣ, ಸುಣ್ಣದ ಗೆರೆಗಳ ಲೆಕ್ಕ, ಎಲ್ಲವನ್ನೂ ಸೇರಿಸಿ ಹೊಸದೊಂದು ಲೇಖನ ಬರೆಯಲು ಕೂತಿದ್ದೇನೆ. ಬರೆದವರ ಸಾಲಿನಲ್ಲಿ ಮೊದಲು ಗುಲಾಬಿ, ಆಮೇಲೆ ನಾನು, ಮೂರನೆಯವರು ಯಾರೂ ಇಲ್ಲ. ಅದು ಅಚ್ಚಾದ ದಿನ ಈ ಬಾಟಲಿಯೊಳಗೆ ಅದನ್ನು ಸುತ್ತಿಟ್ಟು ಸಿರಿಮನೆಗೆ ಒಯ್ಯುತ್ತೇನೆ, ಅವಳು ಬೆರಳಿಟ್ಟು ಓದುವವರೆಗೆ ಜಗಲಿಯ ಕೆಳಗೆ ನಿಂತಿರುತ್ತೇನೆ. ಚಾ ಕೊಡುವುದೂ ಬಿಡುವುದೂ ಗುಲಾಬಿಯವರಿಗೆ ಬಿಟ್ಟದ್ದು.