ದವನ ಇಟ್ಟ ಸೀರೆ

ಸೀರೆ ಹೊಸದೇ ಆಗಿತ್ತು. ಕಲ್ಯಾಣದುರ್ಗದವರು ಮೂಗನ್ನು ನಂಬಿದರು, ಕಣ್ಣನ್ನು ನಂಬಲಿಲ್ಲ. ನಡೆದದ್ದು ಇಷ್ಟೇ.

ಇದು ನೆನಪಾದದ್ದು ಮೊಮ್ಮಗಳಿಂದ. ತಾರಸಿಯ ಕುಂಡದಲ್ಲಿ ಬೆಳೆಸಿದ ಯಾವುದೋ ಹೂವನ್ನು ಒಣಗಿಸಿ, ಕೈಯಲ್ಲೇ ಹೊಲಿದ ಪುಟ್ಟ ಚೀಲಕ್ಕೆ ತುಂಬಿ, ನನ್ನ ಬೀರುವಿನ ಸೀರೆಗಳ ನಡುವೆ ಇಟ್ಟಿದ್ದಳು. ಲ್ಯಾವೆಂಡರ್ ಅಂತೆ. ಹುಳ ಬರುವುದಿಲ್ಲವಂತೆ. ಬೀರು ತೆಗೆದರೆ ಘಮ್ಮೆಂದಿತು... ನನಗೆ ನೆನಪಾದದ್ದು ದವನ, ಎದುರುಮನೆ ಅಕ್ಕನ ದವನ.

ಹಿಂದೂಪುರದ ನಮ್ಮ ಬೀದಿಯಲ್ಲಿ ಆಗ ಮನೆಮನೆಗೂ ಕೈಮಗ್ಗ. ಅಕ್ಕ ಗಂಡ ಸತ್ತ ಮೇಲೆ ತಾನೇ ಮಗ್ಗದ ಗುಂಡಿಗೆ ಇಳಿದವಳು. ಹಿತ್ತಲಲ್ಲಿ ಬಚ್ಚಲ ನೀರು ಹಾಯಿಸಿ ದವನ ಬೆಳೆದಿದ್ದಳು. ಕೂಲಿ ಸೀರೆಗಳ ನಡುವೆ ಬಿಡುವು ಮಾಡಿಕೊಂಡು, ಒಬ್ಬಳೇ ಮಗಳ ಧಾರೆಗೆಂದು ಒಂದು ರೇಷ್ಮೆ ಸೀರೆ ನೇಯ್ದಳು. ಲಾಳಿಯೊಳಗಿಡುವ ಕಂಡಿಕೆಗಳಿಗೆ ನೂಲು ಸುತ್ತಿಕೊಟ್ಟವಳು ನಾನು. ನೇಯ್ದದ್ದನ್ನು ಮಡಿಸಿ, ಮಡಿಕೆಗಳ ನಡುವೆ ಒಣಗಿದ ದವನ ಇಟ್ಟು ಟ್ರಂಕಿನಲ್ಲಿ ಮುಚ್ಚಿದಳು. ಗಂಡು ಸಿಗುವುದು ತಡವಾಯಿತು. ಅಷ್ಟು ದಿನವೂ ದವನ ಅದರೊಳಗೇ ಇತ್ತು.

ಕಲ್ಯಾಣದುರ್ಗದವರು ತಾಂಬೂಲ ಬದಲಿಸಲು ಬಂದ ದಿನ ಅಕ್ಕ ಆ ಸೀರೆಯನ್ನು ಅವರ ಮುಂದಿಟ್ಟಳು. ಗಂಡಿನ ತಾಯಿ ಎತ್ತಿ ಮೂಗಿಗೆ ಹಿಡಿದಳು.

"ಏನಮ್ಮಾ, ಟ್ರಂಕಿನ ವಾಸ್ನೆ ಬತ್ತೈತೆ! ಮಗ್ಗದಿಂದ ಇಳಿದ ಸೀರೆ ಗಂಜಿ ವಾಸ್ನೆ ಬರ್ಬೇಕು. ಇದು ಪಾತದಿ, ಹಳೇದು. ಮೊದ್ಲು ಯಾವ ಸಂಬಂಧಕ್ಕೆ ತೆಗ್ದಿಟ್ಟಿದ್ರಿ, ನಿಜ ಹೇಳಿ."

ನನಗೆ ತಡೆಯಲಾಗಲಿಲ್ಲ. "ಕಂಡಿಕೆ ಸುತ್ತಿದೋಳು ನಾನೇ ಕಣಮ್ಮ. ಹಳೇದು ಅನ್ನೋಕೆ ನಿನ್ನ ಮೂಗೇನು ಪೊಲೀಸ್ ನಾಯೀದಾ?"

ಗಂಡಿನ ಚಿಕ್ಕಪ್ಪ ನಕ್ಕುಬಿಟ್ಟ. ಆಯಮ್ಮ ನಗಲಿಲ್ಲ. ತಾಂಬೂಲದ ತಟ್ಟೆ ಮುಟ್ಟದೆ ಎಲ್ಲರನ್ನೂ ಎಬ್ಬಿಸಿಕೊಂಡು ಹೊರಟಳು.

ಅಕ್ಕ ಅಳಲಿಲ್ಲ. ಸೀರೆಯನ್ನು ಮತ್ತೆ ಅದೇ ಮಡಿಕೆಗೆ ಮಡಿಸುತ್ತಾ ಅಂದಳು, "ದವನ ಇಡ್ದಿದ್ರೆ ಹುಳ ತಿಂತಿತ್ತು ಕಣೇ. ಇಟ್ಟಿದ್ದಕ್ಕೆ ಇವ್ರು ತಿಂದ್ರು."

ಸಂಜೆಯ ಹೊತ್ತಿಗೆ ನಲ್ಲಿಯ ಹತ್ತಿರ ಮಾತು ಹುಟ್ಟಿತ್ತು. ಹುಡುಗಿಗೆ ಹಿಂದೆ ಒಂದು ಸಂಬಂಧ ಮುರಿದಿತ್ತಂತೆ, ಸೀರೆ ಆಗಿನದಂತೆ... ಅಂಥ ಮಾತು ಅಂಟಿಕೊಂಡರೆ ಆ ಹುಡುಗಿಯನ್ನು ನೋಡಲು ಇನ್ನಾರೂ ಬರುವುದಿಲ್ಲ. ಅಕ್ಕನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಈಗ ಅಕ್ಕ ಇಲ್ಲ. ಮಗ್ಗದ ಗುಂಡಿ ಮುಚ್ಚಿ ಸಿಮೆಂಟು ಹಾಕಿದ್ದಾರೆ, ಅದರ ಮೇಲೆ ಬೈಕು ನಿಲ್ಲಿಸುತ್ತಾರೆ. ಆ ಮನೆಯಲ್ಲಿ ನನ್ನನ್ನು 'ಏನೇ' ಅನ್ನುವವರು ಯಾರೂ ಉಳಿದಿಲ್ಲ. ಅವಳ ಮಗಳು ಅದೇ ಸೀರೆಯುಟ್ಟು ಚಿಲಮತ್ತೂರಿನ ನನ್ನ ತಮ್ಮನ ಕೈ ಹಿಡಿದದ್ದನ್ನು ಬೀದಿಯವರು ಇಂದಿಗೂ ಋಣಾನುಬಂಧ ಎನ್ನುತ್ತಾರೆ. ಋಣವೂ ಇಲ್ಲ, ಬಂಧವೂ ಇಲ್ಲ. ಕಲ್ಯಾಣದುರ್ಗದವರು ಎದ್ದುಹೋದ ಮರುದಿನ ಬೆಳಿಗ್ಗೆ ನಾನು ಮೊದಲ ಬಸ್ಸು ಹತ್ತಿ ತವರಿಗೆ ಹೋದೆ. ತಮ್ಮ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ. ಅವನು ಬಾಯಿ ಮುಕ್ಕಳಿಸುವ ಮೊದಲೇ ಕೇಳಿಬಿಟ್ಟೆ.